ಸೆರಗಿನ ತುದಿಯ ನಾಲ್ಕು ಎಳೆ

ಸೀರೆ ಕೊಳ್ಳಲು ಬಂದವರು ಮೊದಲು ಮೈಬಣ್ಣ ನೋಡುತ್ತಾರೆ, ಆಮೇಲೆ ದಡಿ ನೋಡುತ್ತಾರೆ, ಕಡೆಗೆ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ಎಲ್ಲಿ ಎಂದು ಕೇಳುತ್ತಾರೆ. ಗಜೇಂದ್ರಗಡದ ತನ್ನ ಅಂಗಡಿಯ ಗಾದಿಯ ಮೇಲೆ ಹದಿನಾಲ್ಕು ವರ್ಷ ಕೂತ ಸೈರಾಬಾನು ಈ ಕ್ರಮ ತಪ್ಪಿದ್ದನ್ನು ಕಂಡವಳಲ್ಲ. ಆ ಸೋಮವಾರ ಊಟದ ಹೊತ್ತಿಗೆ ಬಂದ ಗಿರಾಕಿ ಮಾತ್ರ ಬಣ್ಣದ ಮೇಲೆ ಕಣ್ಣೇ ಹಾಯಿಸಲಿಲ್ಲ. ಸೀರೆಯ ಮಡಿಕೆ ಬಿಚ್ಚದೆ ತುದಿಯನ್ನಷ್ಟೇ ಎಳೆದು, ಬಾಗಿಲ ಬೆಳಕಿಗೆ ಹಿಡಿದು, ಅಲ್ಲಿನ ಎಳೆಗಳನ್ನು ಹೆಬ್ಬೆರಳಿನಿಂದ ಸವರಿದ. ಕೆಳಗಿಟ್ಟ. ಇನ್ನೊಂದು ಕೇಳಿದ. ಅದರದ್ದೂ ತುದಿ. ಮತ್ತೊಂದು.

ಮೇಲೆ ನೀಲಿ ಚೌಕಳಿಯ ಅಂಗಿ ಇತ್ತು. ಕೆಳಗೆ ಖಾಕಿ ಪ್ಯಾಂಟು, ಕೆಂಪು ಬೂಟು.

ನಾಲ್ಕನೆಯ ಸೀರೆಯನ್ನು ತೆಗೆದುಕೊಡುವಾಗ ಸೈರಾಬಾನುವಿನ ಮೊಣಕೈ ತಾಗಿ ಪಕ್ಕದ ಬಟ್ಟೆಯ ಥಾನು ಉರುಳಿಬಿತ್ತು. ಆತ ಅದನ್ನು ಎತ್ತಿಕೊಟ್ಟ. ತನ್ನ ಹೆಸರು ಹನಮಪ್ಪ, ಬೂದಿಕಟ್ಟಿ ಕ್ರಾಸಿನ ಹೊರಠಾಣೆಯಲ್ಲಿ ಹವಾಲ್ದಾರ ಎಂದ. ಅವನಪ್ಪನೂ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಬದುಕಿದವನಂತೆ. ಹಾಗೆ ಹೇಳುತ್ತಲೇ ನಾಲ್ಕನೆಯ ಸೀರೆಯ ತುದಿಯಲ್ಲಿ ಅವನ ಬೆರಳು ನಿಂತಿತು. ಒಂದು ಬಿಳಿ, ಎರಡು ಕೇಸರಿ, ಮತ್ತೆ ಒಂದು ಬಿಳಿ.

"ಇದು ಯಾರ ಮಗ್ಗದ್ದರಿ, ಅಕ್ಕಾರ?"

ನೆನಪಿಲ್ಲ ಎಂದಳು. ಲಾಟಿನಲ್ಲಿ ಬಂದದ್ದು, ಇಳಕಲ್ಲಿನ ಕಡೆಯದೂ ಇರಬಹುದು ಎಂದಳು. ಹನಮಪ್ಪ ಒಮ್ಮೆ ಬೀದಿಯ ಕಡೆ ನೋಡಿದ. ಎದುರಿನ ಚಹಾದ ಅಂಗಡಿಯ ಮುಂದೆ ಇನ್ನೊಬ್ಬ ಖಾಕಿ ಪ್ಯಾಂಟಿನವನು ಬೈಕಿಗೆ ಒರಗಿ ಬೀಡಿ ಸೇದುತ್ತಿದ್ದ.

"ನೆನಪ ಮಾಡ್ಕೊಂಡ ಇಡ್ರಿ. ನಾಳಿ ಮತ್ತ ಬರ್ತೀನಿ," ಎಂದ ಹನಮಪ್ಪ. ಸೀರೆ ಕೊಳ್ಳಲಿಲ್ಲ, ಬೆಲೆಯನ್ನೂ ಕೇಳಲಿಲ್ಲ.

ಬೈಕಿನ ಸದ್ದು ಪೂರಾ ಅಡಗುವ ತನಕ ಅವಳು ಕೂತಲ್ಲೇ ಕೂತಿದ್ದಳು. ಆಮೇಲೆ ತಮ್ಮ ರಿಯಾಜನನ್ನು ಗಾದಿಗೆ ಕೂರಿಸಿ, ಒಳಗಿನ ಕೋಣೆಗೆ ಹೋಗಿ ಕಂಪ್ಯೂಟರು ಹಚ್ಚಿದಳು.

ಆ ಕಂಪ್ಯೂಟರು ಬಂದದ್ದು ಸೊಲ್ಲಾಪುರದ ವ್ಯಾಪಾರಿಗಳಿಗೆ ದಡಿಯ ನಮೂನೆ ಕಳಿಸಲಿಕ್ಕೆ. ಎರಡು ವರ್ಷದ ಹಿಂದೆ ನರೇಗಲ್ಲಿನ ಸಂತೆಯಲ್ಲಿ ಸೀರೆಯ ಗಂಟು ರಸ್ತೆಗೆ ಬಂತೆಂದು ಒಬ್ಬ ಪೇದೆ ರಿಯಾಜನ ಕಪಾಳಕ್ಕೆ ಹೊಡೆದ. ಆ ಕಡೆಯ ಕಿವಿ ಅವತ್ತಿನಿಂದ ಕೇಳುವುದಿಲ್ಲ. ಸೈರಾಬಾನು ಕಂಡಕಂಡ ಸಾಹೇಬರ ಬಾಗಿಲಿಗೆ ಅರ್ಜಿ ಹಿಡಿದು ಅಲೆದಳು. ಅರ್ಜಿಗಳು ಹೋದವು, ಹೋದಲ್ಲೇ ಉಳಿದವು. ಒಂದು ದಿನ ಸಿಟ್ಟಿನಲ್ಲಿ, ದವಾಖಾನೆಯ ಚೀಟಿ ಮತ್ತು ತಮ್ಮನ ಬಾತ ಮುಖದ ಫೋಟೋ ಎರಡನ್ನೂ ಅಂತರ್ಜಾಲದ ಆರ್ಕುಟ್‌ನಲ್ಲಿ ಹಾಕಿದಳು. ನೋಡಿದವರು ತಮ್ಮದನ್ನೂ ಕಳಿಸತೊಡಗಿದರು. ಬಾಸುಂಡೆ ಎದ್ದ ತೊಡೆ, ಮುರಿದ ಬೆರಳು, ಒಡೆದ ಹುಬ್ಬು. ಹೀಗೆ 'ಹೊಡೆತ' ಎಂಬ ಹೆಸರಿನ ಬಳಗವೊಂದು ಹುಟ್ಟಿತು. ಈಗ ಅದರಲ್ಲಿ ಆರುನೂರಕ್ಕೂ ಮಿಕ್ಕಿ ಜನ. ಹುಬ್ಬಳ್ಳಿಯ ಪತ್ರಿಕೆಯವರು ಅಲ್ಲಿಂದಲೇ ಎತ್ತಿ ಎರಡು ಸಲ ಸುದ್ದಿ ಮಾಡಿದ್ದರು. ಒಬ್ಬ ಪೇದೆ ಸಸ್ಪೆಂಡ್ ಕೂಡ ಆಗಿದ್ದ. ಬಳಗ ನಡೆಸುವವರ ಹೆಸರು 'ಸಂಪಿಗೆ' ಎಂದಿತ್ತು, ಮುಖದ ಜಾಗದಲ್ಲಿ ಒಂದು ಹೂವಿನ ಚಿತ್ರ. ಮನೆಯ ಕಂಪ್ಯೂಟರಿನಲ್ಲಿ ಬರೀ ನೋಡುವುದು. ಫೋಟೋ ಹಾಕುವ ಕೆಲಸವೆಲ್ಲ ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ಶಿವನಪ್ಪನ ಇಂಟರ್ನೆಟ್ ಅಂಗಡಿಯಲ್ಲಿ. ಸಂಪಿಗೆ ಯಾರು ಎಂಬುದು ಅವಳ ಗಂಡ ಮೈನುದ್ದೀನನಿಗೆ ಮತ್ತು ರಿಯಾಜನಿಗೆ ಗೊತ್ತಿತ್ತು. ಈಚೆಗೆ ಫೋಟೋ ತೆಗೆಸಿಕೊಂಡ ಒಬ್ಬ ನೇಕಾರನ ಮನೆಯವರನ್ನು ಬಿಟ್ಟರೆ ಬೇರೆ ಯಾರಿಗೂ ಇಲ್ಲ. ಮೈನುದ್ದೀನ ನೂಲು ತರಲು ಸೊಲ್ಲಾಪುರಕ್ಕೆ ಹೋಗಿ ನಾಲ್ಕು ದಿನವಾಗಿತ್ತು.

ಪರದೆಯ ಮೇಲೆ, ತಾನು ಬಳಗದಲ್ಲಿ ಈಚೆಗೆ ಹಾಕಿದ ಫೋಟೋ ಮೇಲಿನಿಂದ ಕೆಳಕ್ಕೆ ಒಂದೊಂದೇ ಪಟ್ಟಿಯಾಗಿ ಇಳಿಯಿತು. ಮೊದಲು ಸೀರೆ ಹೊದ್ದ ತಲೆ. ಆಮೇಲೆ ಬರಿಬೆನ್ನು. ಪಟ್ಟೆಪಟ್ಟೆಯಾಗಿ ಕಪ್ಪಿಟ್ಟ ಬೆನ್ನು. ಎಡ ಹೆಗಲಿನ ಮೇಲೆ ಇಳಿಬಿದ್ದ ಸೆರಗು. ಸೆರಗಿನ ತುದಿಯಲ್ಲಿ ಬಿಳಿ, ಕೇಸರಿ, ಕೇಸರಿ, ಬಿಳಿ.

ಅವಳು ಕಣ್ಣು ಮುಚ್ಚಿಕೊಂಡಳು.

ಅವಳ ಕೈಕೆಳಗೆ ಮೂವತ್ತೊಂದು ಮಗ್ಗ ನಡೆಯುತ್ತಿದ್ದವು. ನೇಯ್ದದ್ದೆಲ್ಲ ಗಂಜಿಗೆ, ಇಸ್ತ್ರಿಗೆ ಒಂದೇ ಕಡೆ ಹೋಗುತ್ತದೆ, ಒಂದರೊಳಗೊಂದು ಕಲೆಯುತ್ತದೆ. ಅದಕ್ಕೆಂದು ಪ್ರತಿ ನೇಕಾರನೂ ಸೀರೆ ಕೊಯ್ಯುವ ಮೊದಲು ತುದಿಯಲ್ಲಿ ತನಗೆ ಗೊತ್ತುಮಾಡಿದ ಬಣ್ಣದ ಎಳೆಗಳನ್ನು ಹೊಗಿಸಬೇಕು. ಇವನಿಗೆ ಹಸಿರು, ಅವನಿಗೆ ಕೆಂಪು ಹಳದಿ. ಹಂಚಿಕೊಟ್ಟವಳು ಸೈರಾಬಾನುವೇ. ಉಡುವವರು ಅದನ್ನು ಅಂದಕ್ಕೆ ಹಾಕಿದ್ದೆಂದು ತಿಳಿಯುತ್ತಾರೆ, ಇಲ್ಲವೇ ಕುಚ್ಚು ಕಟ್ಟುವಾಗ ಕತ್ತರಿಸಿ ಒಗೆಯುತ್ತಾರೆ. ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಅದು ಬರೆದಿಟ್ಟ ಹೆಸರಿದ್ದ ಹಾಗೆ. ಬಿಳಿ, ಕೇಸರಿ, ಕೇಸರಿ, ಬಿಳಿ ಎಂದರೆ ಫಕೀರೇಶ.

ಹದಿನೈದು ದಿನದ ಹಿಂದೆ ಫಕೀರೇಶ ಅವಳದೇ ಸೀರೆಗಳನ್ನು ನರಗುಂದದ ಅಂಗಡಿಯೊಂದಕ್ಕೆ ಮುಟ್ಟಿಸಿ ವಾಪಸು ಬರುತ್ತ, ಬೂದಿಕಟ್ಟಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದ. ಆ ಸುತ್ತಿನ ಹೊಲಗಳಲ್ಲಿ ಪಂಪ್‌ಸೆಟ್ಟು ಕಳುವಾಗುತ್ತಿದ್ದ ಕಾಲ ಅದು. ಗೊತ್ತಿಲ್ಲದ ಮುಖ, ಕೈಯಲ್ಲಿ ಖಾಲಿ ಚೀಲ, ಅಷ್ಟೇ ಸಾಕಾಯಿತು. ಎರಡು ದಿನ ಹೊರಠಾಣೆಯಲ್ಲಿ ಇಟ್ಟುಕೊಂಡರು. ಹಿಟ್ಟಿನ ಗಿರಣಿಯ ಹಳೆಯ ಪಟ್ಟೆಯಿಂದ ಹೊಡೆದರು. ಅವನೇನೂ ಒಪ್ಪಲಿಲ್ಲ. ಆ ತಿಂಗಳು ಅವನ ಹಾಗೆ ಪೆಟ್ಟು ತಿಂದವರು ಹಲವರು, ಯಾರ ಹೆಸರನ್ನೂ ಊರನ್ನೂ ಠಾಣೆಯವರು ಬರೆದುಕೊಂಡಿರಲಿಲ್ಲ. ಕೇಸು ಹಾಕದೆ ಬಿಟ್ಟರು, ಬಾಯಿಬಿಟ್ಟರೆ ಇಲ್ಲಿಯತನಕ ಕಳುವಾದ ಪಂಪ್‌ಸೆಟ್ಟೆಲ್ಲ ನಿನ್ನ ಹೆಸರಿಗೇ ಬರೆಯುತ್ತೇವೆ ಎಂದು ಹೇಳಿ ಬಿಟ್ಟರು. ಹಾಗಾಗಿ ಫೋಟೋ ತೆಗೆಯುತ್ತೇನೆ ಎಂದು ಸೈರಾಬಾನು ಹೋದಾಗ ಅವನು ಒಂದೇ ಕರಾರು ಹಾಕಿದ್ದ: ಮುಖವೂ ಕಾಣಬಾರದು, ಹೆಸರೂ ಬರಬಾರದು.

ಅವಳು ಮಗ್ಗದಿಂದ ಆಗತಾನೆ ಕೊಯ್ದ ಸೀರೆಯನ್ನು ಅವನ ತಲೆಯ ಮೇಲೆ ಹೊದಿಸಿದ್ದಳು. ಹೊದಿಸಿ ಸುಮ್ಮನಿದ್ದಳೇ? ಇಲ್ಲ. ಹದಿನಾಲ್ಕು ವರ್ಷ ಗಿರಾಕಿಗಳ ಮುಂದೆ ಸೀರೆ ಹರಡಿದ ಕೈ, ನೆರಿಗೆ ತಿದ್ದಿ, ಸೆರಗನ್ನು ಎದ್ದು ಕಾಣುವ ಹಾಗೆ ಹೆಗಲ ಮೇಲೆ ಇಳಿಬಿಟ್ಟಿತ್ತು. ಆಗ ಅವಳ ಲಕ್ಷ್ಯವೆಲ್ಲ ಅವನ ಬೆನ್ನಿನ ಮೇಲಿತ್ತು. ಕೈ ಮಾಡಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಈಗ ಫೋಟೋ ತೆಗೆದುಹಾಕಿ ಏನು ಬಂತು? ಮೂರು ದಿನದ ಹಿಂದೆ ಪತ್ರಿಕೆಯಲ್ಲಿ ಬಂದಾಗಿತ್ತು. ಮೊಬೈಲಿನಿಂದ ಮೊಬೈಲಿಗೆ ದಾಟಿ ಎಲ್ಲೆಲ್ಲಿ ಹೋಗಿತ್ತೋ.

ಫಕೀರೇಶನ ಮನೆ ಬೆಟ್ಟದ ಕೆಳಗಿನ ಓಣಿಯಲ್ಲಿತ್ತು. ಹತ್ತು ನಿಮಿಷದ ದಾರಿ. ಅವತ್ತು ಅವಳು ಎರಡು ಸಲ ಓಣಿ ತಪ್ಪಿಸಿ ನಡೆದಳು, ಬಳೆಯ ಅಂಗಡಿಯ ಮುಂದೆ ನಿಂತು ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಗಾಜಿನಲ್ಲಿ ನೋಡಿದಳು. ಬಾಗಿಲಿಗೆ ಬಂದಾಗ ಒಳಗೆ ಮಗ್ಗದ ಸದ್ದು ಕೇಳುತ್ತಿತ್ತು. ಕುಣಿಯಲ್ಲಿ ಕೂತು ಲಾಳಿ ಹೊಡೆಯುತ್ತಿದ್ದವಳು ಅವನ ತಾಯಿ ಕರಿಯವ್ವ. ಫಕೀರೇಶನಿಗೆ ಇನ್ನೂ ಕೂರಲು ಆಗುತ್ತಿರಲಿಲ್ಲ. ಗೋಡೆಗೆ ತೋಳು ಊರಿ ನಿಂತೇ ಎಳೆ ಬಿಡಿಸುತ್ತಿದ್ದ.

ಸೈರಾಬಾನು ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ಹವಾಲ್ದಾರ ಬಂದದ್ದು, ತುದಿ ಸವರಿದ್ದು, ನಾಳೆ ಬರುತ್ತೇನೆ ಎಂದದ್ದು. ತಪ್ಪು ತನ್ನದೇ ಎಂದೂ ಹೇಳಿದಳು. ಲಾಳಿ ಅರ್ಧಕ್ಕೆ ನಿಂತಿತು.

"ಮಾರಿ ಮುಚ್ಚಾಕ ಬ್ಯಾರೆ ಅರಿವಿ ಸಿಗಲಿಲ್ಲೇನವಾ ನಿನಗ?" ಎಂದಳು ಕರಿಯವ್ವ. "ನನ್ನ ಹಳೇ ಕೌದಿ ಅಲ್ಲೇ ಬಿದ್ದಿತ್ತಲ್ಲ. ಅದನ್ನ ಹೊಚ್ಚಿದ್ರ ಫೋಟೋದ ಚೆಂದ ಕೆಡತಿತ್ತೇನ?"

ಹೊಳೆಮಣ್ಣೂರಿನಲ್ಲಿ ಫಕೀರೇಶನ ಅಕ್ಕನ ಮನೆಯಿದೆ, ಹದಿನೈದು ದಿನ ಅಲ್ಲಿರಲಿ, ಬಸ್ಸಿಗೆ ತಾನೇ ಕೂರಿಸಿ ಬರುತ್ತೇನೆ ಎಂದಳು ಸೈರಾಬಾನು. ಅಲ್ಲಿಯೂ ಬೇಡವೆಂದರೆ ಗೋವಾ ಎಂದಳು. ಹೇಳುತ್ತ ಹೇಳುತ್ತ ತನ್ನ ದನಿಯೇ ತನಗೆ ಕೀರಲಾಗಿ ಕೇಳಿಸಿತು. ಫಕೀರೇಶ ಗೋಡೆಯ ಕಡೆಗೇ ಮುಖ ಮಾಡಿ ಕೇಳಿಸಿಕೊಂಡ.

"ಓಡಿ ಹೋದ್ರ ಪಂಪ್‌ಸೆಟ್ಟು ನಾನ ಕದ್ದಂಗ ಆಕೈತಿ, ಅಕ್ಕಾರ. ನಾ ಸಿಗಲಿಲ್ಲಂದ್ರ ಯವ್ವನ್ನ ಕರಕೊಂಡ ಹೋಗ್ತಾರ." ಎಳೆ ಬಿಡಿಸುತ್ತಲೇ ಮತ್ತೆ ಅಂದ, "ಅಲ್ಲಿ ಠಾಣ್ಯಾಗ ಗ್ವಾಡಿ ಹಿಂದ ಏನ ಮಾಡಿದ್ರೂ ಯಾರಿಗೂ ಕಾಣೂದಿಲ್ಲ. ನಂದ ಮಾರಿನೂ ಯಾರೂ ಕಂಡಿಲ್ಲ. ನಾಳಿ ನಾ ಇಲ್ಲಂದ್ರ, ಇಲ್ಲಂತ ಯಾರಿಗೆ ಗೊತ್ತಾಕೈತಿ? ನನ್ನ ಮಾರಿದ ಫೋಟೋ ಹಾಕಿಬಿಡ್ರಿ."

ಅವಳು ಬೇಡ ಎಂದಳು. ಅವನು ಆಗ ತಿರುಗಿ ನೋಡಿದ.

"ಬಾಜೂಕ ನಿಮ್ಮದೂ ಇರಲಿ. ನನ್ನ ಹೆಸರ ನಾಕ ಎಳ್ಯಾಗ ಹೊಂಟ ಹೋತು. ನಿಮ್ಮದ ಇನ್ನೂ ಹೂವಿನ ಹಿಂದ ಐತಿ."

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಸಿಟ್ಟಾಗಿ ಎದ್ದು ಹೋಗಬಹುದಿತ್ತು. ಸೈರಾಬಾನುವಿಗೆ ರಿಯಾಜನ ಕಿವಿ ನೆನಪಾಯಿತು. ಸಂತೆಯ ನಡುವೆ, ನೂರು ಜನ ನೋಡುತ್ತಿರುವಾಗಲೇ ಅಷ್ಟು ಹೊಡೆದವರು, ತನ್ನಂಥವಳನ್ನು ಯಾರೂ ನೋಡದ ಕಡೆ ಏನು ಮಾಡಿಯಾರು? ಅಂಗಡಿಯ ಬೀಗ ಒಡೆದಾರು. ಕಳುವಿನ ಮಾಲು ಎಂದು ಸೀರೆಯ ಗಂಟನ್ನೆಲ್ಲ ಜೀಪಿಗೆ ಹೇರಿಯಾರು. ಮೈನುದ್ದೀನ ಸೊಲ್ಲಾಪುರದ ಬಸ್ಸಿನಿಂದ ಇಳಿಯುವಾಗಲೇ ಹಿಡಿದುಕೊಂಡಾರು. ಎರಡು ವರ್ಷದಿಂದ ಬೇರೆಯವರ ಬಾಸುಂಡೆಗಳನ್ನು ಊರಿಗೆಲ್ಲ ತೋರಿಸಿ, ಧೈರ್ಯವಾಗಿ ಮುಂದೆ ಬನ್ನಿ ಎಂದು ಬರೆದವಳು ಸಂಪಿಗೆ. ಬರೆಯುವಾಗ ಬೆರಳು ಒಮ್ಮೆಯೂ ಅಳುಕಿರಲಿಲ್ಲ.

ಅವಳು ಹೂಂ ಎಂದಾಗ ಆ ದನಿ ಯಾರದೋ ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ಕರಿಯವ್ವನ ಕೈಗೆ ಮೊಬೈಲು ಕೊಟ್ಟು ಎಲ್ಲಿ ಒತ್ತಬೇಕೆಂದು ತೋರಿಸಿದಳು. ಮುದುಕಿ ಮೂರು ಸಲ ತನ್ನ ಹೆಬ್ಬೆರಳಿನದೇ ಫೋಟೋ ತೆಗೆದಳು. ನಾಲ್ಕನೆಯದು ಸರಿಯಾಯಿತು. ಅಂಗಿಯಿಲ್ಲದೆ ಓರೆಯಾಗಿ ನಿಂತ ಫಕೀರೇಶ, ಮುಖ ಈ ಕಡೆ, ಪಕ್ಕದಲ್ಲಿ ಸೈರಾಬಾನು. ತಲೆಯ ಮೇಲಿನ ಸೆರಗನ್ನು ಎಳೆದುಕೊಳ್ಳಲು ಎತ್ತಿದ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು.

ಊರಲ್ಲಿ ಅವತ್ತು ಕರೆಂಟು ಇರಲಿಲ್ಲ. ಇದ್ದರೂ ಅವಳು ರೋಣಕ್ಕೇ ಹೋಗುತ್ತಿದ್ದಳೋ ಏನೋ. ಬಸ್ಸಿನಲ್ಲಿ ಫಕೀರೇಶ ಕಂಬ ಹಿಡಿದು ನಿಂತೇ ಇದ್ದ. ಕಂಡಕ್ಟರ್ ಸೀಟು ಖಾಲಿ ಇದೆಯಲ್ಲ ಎಂದು ಎರಡು ಸಲ ಗದರಿದ. ನರೇಗಲ್ಲಿನಲ್ಲಿ ಒಬ್ಬ ಪೇದೆ ಹತ್ತಿ, ಡ್ರೈವರನ ಹಿಂದೆ ಕೂತು ನಿದ್ದೆ ಹೋದ. ರೋಣ ಬರುವ ತನಕ ಸೈರಾಬಾನು ಆ ನಿದ್ದೆಯ ತಲೆ ತೂಗುವುದನ್ನೇ ನೋಡಿದಳು. ತಲೆ ಹಿಂದಕ್ಕೆ ವಾಲಿದಾಗಲೆಲ್ಲ ತಮ್ಮನ್ನು ನೋಡಲಿಕ್ಕೇ ವಾಲಿತು ಅನ್ನಿಸುತ್ತಿತ್ತು.

ಶಿವನಪ್ಪನ ಅಂಗಡಿಯ ಮೂಲೆಯ ಮಷಿನ್ನಿನಲ್ಲಿ ಫೋಟೋ ಏರಲು ಹನ್ನೊಂದು ನಿಮಿಷ ಬೇಕಾಯಿತು. ಕೆಳಗೆ ಅವಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿದಳು. ಇವನು ಫಕೀರೇಶ, ನೇಕಾರ. ಬೂದಿಕಟ್ಟಿ ಕ್ರಾಸಿನ ಹೊರಠಾಣೆಯಲ್ಲಿ ಎರಡು ದಿನ ಇಟ್ಟುಕೊಂಡು ಹೊಡೆದರು. ನಾನು ಸೈರಾಬಾನು, ಗಜೇಂದ್ರಗಡದ ಸೀರೆ ವ್ಯಾಪಾರಿ. ಇವನಿಗೆ ಏನಾದರೂ ಆದರೆ ನಾವು ಇಬ್ಬರೂ ಮೊದಲೇ ಹೇಳಿದ್ದೆವು ಎಂದು ನೆನಪಿಡಿ. ಆಮೇಲೆ ಹೂವನ್ನು ತೆಗೆದು, ಆ ಜಾಗದಲ್ಲಿ ತನ್ನ ಮುಖ ಹಾಕಿದಳು. ಅಲ್ಲಿಂದ ಏಳುವಷ್ಟರಲ್ಲಿ ಕೆಳಗೆ ಒಂಬತ್ತು ಜನ ಬರೆದಿದ್ದರು. ಬೆಂಗಳೂರಿನಿಂದ ಒಬ್ಬ ವಕೀಲ ತನ್ನ ನಂಬರು ಕೊಟ್ಟಿದ್ದ. ಫಕೀರೇಶ ಆ ನಂಬರನ್ನು ಅಂಗೈಯ ಮೇಲೆ ಬರೆದುಕೊಂಡ.

ಮೂರು ಗಂಟೆಗೆ ಗಜೇಂದ್ರಗಡದಲ್ಲಿ ಇಳಿದು ಇಬ್ಬರೂ ಅಂಗಡಿಯ ಹತ್ತಿರ ಬಂದಾಗ, ಹನಮಪ್ಪ ಗಾದಿಯ ಅಂಚಿನಲ್ಲಿ ಕೂತಿದ್ದ. ಇವತ್ತು ಒಬ್ಬನೇ. ರಿಯಾಜ ಅವನಿಂದ ಆದಷ್ಟು ದೂರಕ್ಕೆ, ಥಾನುಗಳ ಗೋಡೆಗೆ ಬೆನ್ನು ಒತ್ತಿ ನಿಂತಿದ್ದ. ಸೈರಾಬಾನು ಮೆಟ್ಟಿಲ ಕೆಳಗೇ ನಿಂತಳು. ಹಿಂದಿನಿಂದ ಫಕೀರೇಶನ ಉಸಿರು ಕೇಳುತ್ತಿತ್ತು, ನೀರಿಗಿಳಿಯುವ ಮುಂಚೆ ಹಿಡಿದುಕೊಳ್ಳುವ ಥರದ ಉಸಿರು.

ಹನಮಪ್ಪ ಫಕೀರೇಶನನ್ನು ನೋಡಿ ಎದ್ದು ನಿಂತ. ಒಳಗೆ ಬನ್ನಿ, ಬಾಗಿಲು ಮುಂದೆ ಮಾಡಿ ಎಂದ. ಒಳಗೆ ಬಂದ ಇಬ್ಬರೂ ಬಾಗಿಲು ಮುಚ್ಚದಿದ್ದಾಗ ತಾನೇ ದನಿ ತಗ್ಗಿಸಿದ.

"ನಿನ್ನೆ ಹೇಳಾಕ ಬಂದಿದ್ದೆ, ಆಗಲಿಲ್ಲ. ಸಂಗಾಟ ಇದ್ದಾಂವ ಸಾಹೇಬರ ಮನಷ್ಯಾ, ಹೊರಗಿಂದ ನೋಡಾಕ ಹತ್ತಿದ್ದ. ಅಂಗಡ್ಯಾಗ ಈ ಎಳಿ ಇದ್ದ ಸೀರಿ ಎಷ್ಟ ಅದಾವ, ಎಲ್ಲಾ ತುದಿ ಕತ್ತರಿಸಿ ಸುಟ್ಟ ಬಿಡ್ರಿ. ಪೇಪರದಾಗ ನೋಡಿದ ದಿವಸನ ಇವು ಈ ಊರಿನವು ಅಂತ ನನಗ ತಿಳದೈತಿ. ಈ ಥರಾ ಎಳಿ ಇಳಕಲ್ಲ ಕಡೇವು ಅಂತ ಸಾಹೇಬ್ರಿಗೆ ಹೇಳೀನಿ. ಇಬ್ಬರು ಅಲ್ಲಿ ಹುಡಕಾಕ ಹತ್ಯಾರ, ಇಲ್ಲಿ ನೋಡೂದು ನನಗ ಬಿಟ್ಟಾರ."

ಸೈರಾಬಾನುವಿಗೆ ಆ ಮಾತುಗಳು ಒಂದೊಂದಾಗಿ, ಹಿಂದುಮುಂದಾಗಿ ಅರ್ಥವಾದವು. ಅವಳು ಹೆದರಿ ಓಡಿದ್ದು ಈ ಒಬ್ಬನಿಂದ. ಅವನು ಬಂದದ್ದು ಇದನ್ನು ಹೇಳಲಿಕ್ಕೆ. ಮುಖ, ಹೆಸರು, ಊರು, ಎಲ್ಲವನ್ನೂ ಅವಳು ತಾನೇ ಕೈಯಾರೆ ಹಾಕಿ ಬಂದು ಒಂದೂವರೆ ತಾಸು ಆಗಿತ್ತು.

ಹೇಳಿದಳು. ಹನಮಪ್ಪ ಮತ್ತೆ ಕೂತ.

"ನನ್ನ ಮುಗಿಸಿಬಿಟ್ರಿ, ಅಕ್ಕಾರ," ಎಂದ. ಸುಳ್ಳು ಹೇಳಿದ್ದು ಸಂಜೆಯೊಳಗೆ ಸಾಹೇಬರಿಗೆ ತಿಳಿಯುತ್ತದೆ, ನೇಕಾರರ ಮಗನಿಗೆ ಯಾವ ಊರ ಎಳೆ ಎಂದು ಗೊತ್ತಾಗಲಿಲ್ಲ ಎಂದರೆ ಯಾರು ನಂಬುತ್ತಾರೆ ಎಂದ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ ಎಂದ. ಈಗಿಂದೀಗ ರೋಣಕ್ಕೆ ಹೋಗೋಣ, ಬೈಕಿನ ಮೇಲೆ ತಾನೇ ಬಿಡುತ್ತೇನೆ, ಫೋಟೋ ತೆಗೆದುಬಿಡಿ ಎಂದು ಬೇಡಿಕೊಂಡ. ಬೇಡುವಾಗ ಅವನ ಕಣ್ಣು ಬಾಗಿಲಿನ ಕಡೆಗೇ ಇತ್ತು. ನಿನ್ನೆಯಿಂದ ಸೈರಾಬಾನು ಬಾಗಿಲನ್ನು ನೋಡುತ್ತಿದ್ದ ಹಾಗೆಯೇ. ಆ ನೋಟದ ಗುರುತು ಹತ್ತಿ ಅವಳಿಗೆ ಇನ್ನಷ್ಟು ದಿಗಿಲಾಯಿತು. ಠಾಣೆಯ ಒಳಗಿದ್ದವನೇ ಇಷ್ಟು ಹೆದರುತ್ತಾನೆ ಎಂದರೆ ಆ ಒಳಗು ಎಂಥದ್ದಿರಬೇಕು.

ತೆಗೆಯಬೇಕೇ ಬೇಡವೇ ಎಂದು ಅವಳು ಫಕೀರೇಶನನ್ನು ನೋಡಿದಳು. ಅವನು ಹವಾಲ್ದಾರನ ಎದುರು ಹೋಗಿ ನಿಂತಿದ್ದ.

"ಅವತ್ತ ನನಗ ನೀರ ಕುಡಿಸಿದಾಂವ ನೀವ," ಎಂದ. "ಕಾಲ ಹಿಡಕೊಂಡಾಂವನೂ ನೀವ."

ಹನಮಪ್ಪ ತಲೆ ತಗ್ಗಿಸಿದ. ಹಿಡಿದುಕೊಳ್ಳದಿದ್ದರೆ ತನ್ನನ್ನೂ ಅಲ್ಲೇ ಮಲಗಿಸುತ್ತಿದ್ದರು ಎಂದು ಏನೋ ಅಂದ, ಅರ್ಧಕ್ಕೆ ಬಿಟ್ಟ.

"ಫೋಟೋ ತಗಿಯಾಕ ನಾ ಒಪ್ಪೂದಿಲ್ಲ. ತಗದ್ರೂ ನೋಡಿದವರ ನೋಡ್ಯಾರ," ಎಂದ ಫಕೀರೇಶ. "ನಾ ಹೇಳಿದ್ರ ಕಳ್ಳ ಹೇಳಿದಂಗ. ನೀವು ಹೇಳ್ರಿ."

ಸೈರಾಬಾನು ಯೋಚಿಸಿ ಮಾಡಲಿಲ್ಲ. ಯೋಚಿಸಿದ್ದರೆ ಆಗುತ್ತಿರಲಿಲ್ಲ. ನೂಲಿನ ಪೊಟ್ಟಣದ ಬಿಳಿ ಕಾಗದ ಹರಿದು ತೊಡೆಯ ಮೇಲೆ ಇಟ್ಟುಕೊಂಡು ಪೆನ್ನು ಬಿಚ್ಚಿದಳು. ಯಾವ ದಿನ ಎಂದು ಹನಮಪ್ಪನನ್ನು ಕೇಳಿದಳು. ರಿಯಾಜ ಕೇಳುವ ಕಿವಿಯನ್ನು ಇತ್ತ ಕಡೆ ತಿರುಗಿಸಿ ನಿಂತ. ಹೊರಗೆ ಯಾವುದೋ ಗಾಡಿ ಬಂದು ನಿಂತ ಸದ್ದಾಯಿತು. ನಾಲ್ವರೂ ಒಟ್ಟಿಗೆ ಬೆಚ್ಚಿ ತಿರುಗಿದರು. ಪಕ್ಕದ ಕಿರಾಣಿಗೆ ಉಪ್ಪಿನ ಚೀಲ ಇಳಿಸುತ್ತಿದ್ದರು.

"ಶುಕ್ರವಾರ," ಎಂದ ಹನಮಪ್ಪ, ಚೀಲಗಳ ಕಡೆಗೇ ನೋಡುತ್ತ. "ಸಂಜಿ ಆರಕ್ಕ ಕರಕೊಂಡ ಬಂದ್ರು. ಡೈರ್ಯಾಗ ಬರೀಬ್ಯಾಡ ಅಂದ್ರು."

ಅವಳು ಬರೆದಳು. ಅವನು ಹೇಳುತ್ತ ಹೋದ. ಮೊದಲು ಯಾರು ಹೊಡೆದರು, ಪಟ್ಟೆ ಎಲ್ಲಿಂದ ತಂದರು, ಅದನ್ನು ಈಗ ಎಲ್ಲಿ ಇಟ್ಟಿದ್ದಾರೆ, ಶನಿವಾರ ಬೆಳಿಗ್ಗೆ ಕಿಟಕಿ ಯಾಕೆ ಮುಚ್ಚಿಸಿದರು. ಕಾಲು ಹಿಡಿದದ್ದಕ್ಕೆ ಬಂದಾಗ ದನಿ ತೀರ ಸಣ್ಣದಾಯಿತು. ಆದರೂ ಬಿಡದೆ ಅದನ್ನೂ ಹೇಳಿದ. ಕಾಗದದ ಒಂದು ಮಗ್ಗುಲು ತುಂಬಿ ಹಿಂಬದಿ ಅರ್ಧವಾಯಿತು. ಅವಳ ಅಕ್ಷರಗಳು ಸೊಟ್ಟಸೊಟ್ಟವಾಗಿದ್ದವು.

ಕೊನೆಗೆ, ಇದನ್ನು ಹೇಳಿದವರು ಎಂದು ಬರೆದು ಪೆನ್ನು ಎತ್ತಿದಳು. ಹನಮಪ್ಪನಿಗೆ ಆ ಖಾಲಿ ಜಾಗ ಕಾಣುತ್ತಿತ್ತು. ಅವನು ಎದ್ದ, ಚಪ್ಪಲಿಗಳ ನಡುವೆ ಇದ್ದ ತನ್ನ ಬೂಟು ಹುಡುಕಿದ, ಒಂದರೊಳಗೆ ಕಾಲು ತೂರಿಸಿದ. ಫಕೀರೇಶ ದಾರಿ ಬಿಟ್ಟು ಸರಿದು ನಿಂತ. ಇನ್ನೊಂದು ಬೂಟು ಕೈಯಲ್ಲಿ ಹಿಡಿದೇ ಹನಮಪ್ಪ ಬಗ್ಗಿ ಕಾಗದವನ್ನು ನೋಡಿದ.

"ಪೆನ್ನ ಇಲ್ಲಿ ಕೊಡ್ರಿ," ಎಂದ. "ನೀವು ಬರದ್ರ ನಡೆಂಗಿಲ್ಲ. ನನ್ನ ಹೆಸರ ನನ್ನ ಕೈಲೇ ಇರಬೇಕ."

ಬಾಗಿಲನ್ನು ಮುಂದೆ ಮಾಡಲು ಸೈರಾಬಾನು ಎದ್ದಳು.